ಪ್ರೀಮಿಯಂ ಟೇಬಲ್ ಹಾಕಿದ್ರಿ, ಹಿಂದಿನ ಪುಟ ಬಿಟ್ಬಿಟ್ರಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರದ ಪುರವಣೀಲಿ ಸರಿಯಾದ ಕಾರ್ ಇನ್ಶೂರೆನ್ಸ್ ಆರಿಸೋದು ಹೇಗೆ ಅಂತ ಒಂದು ಪುಟ ಹಾಕಿದ್ರಿ, ಬರೆದಿದ್ದು ಚೆನ್ನಾಗೇ ಇತ್ತು, ಆದ್ರೆ ಕೆಳಗೆ ಹಾಕಿದ್ದ ಟೇಬಲ್ ನೋಡಿ ಸುಮ್ನಿರೋಕೆ ಆಗ್ಲಿಲ್ಲ. ಎಲ್ಲ ಪಾಲಿಸಿನೂ ಪ್ರೀಮಿಯಂ ಪ್ರಕಾರ ಜೋಡಿಸಿದ್ರಿ, ಮೇಲ್ಗಡೆ ಅಗ್ಗದ್ದು, ಕೆಳಗಡೆ ದುಬಾರಿದು. ಓದೋರು ಏನ್ ಮಾಡ್ತಾರೆ ಹೇಳಿ, ಮೊದಲನೇ ಸಾಲಿಗೆ ಪೆನ್ನಲ್ಲಿ ಒಂದು ಗೀಟು ಹಾಕಿ ಪೇಪರ್ ಮಡಚಿಡ್ತಾರೆ. ನಮ್ಮನೇಲಿ ಆಗಿದ್ದೂ ಅದೇ. ಕಂಪನಿಯವರು ಏನೇನಕ್ಕೆ ದುಡ್ಡು ಕೊಡಲ್ಲ ಅನ್ನೋದು ಆ ಟೇಬಲ್‌ನಲ್ಲಿ ಒಂದು ಕಾಲಮ್ ಕೂಡ ಇರ್ಲಿಲ್ಲ.

ನಾನು ಲೆಕ್ಕಪತ್ರ ನೋಡೋ ಕೆಲಸದವಳು. ಬೇರೆಯವರ ಬಿಲ್ಲಲ್ಲಿ ಒಂದು ಸೊನ್ನೆ ಆಚೀಚೆ ಆದ್ರೆ ಹಿಡಿದು ನಿಲ್ಲಿಸ್ತೀನಿ. ಅಂಥಾ ನಾನು ಒಂಬತ್ತು ವರ್ಷ ನನ್ನ ಕಾರಿನ ಪಾಲಿಸಿನ ಮೊಬೈಲಲ್ಲೇ ಎರಡು ನಿಮಿಷದಲ್ಲಿ ರಿನ್ಯೂ ಮಾಡ್ಕೊಂಡು ಬಂದಿದೀನಿ, ಪಿಡಿಎಫ್ ಬಂದ ತಕ್ಷಣ ಕಾರ್ ನಂಬರ್ ಸರಿ ಇದ್ಯಾ, ಹೆಸರು ಸರಿ ಇದ್ಯಾ ನೋಡಿದ್ರೆ ಮುಗೀತು, ಕೊನೇ ತನಕ ಒಂದ್ ಸಲನೂ ಓದಿರ್ಲಿಲ್ಲ. ಓದೋ ಹಂಗಾಗಿದ್ದು ನಮ್ಮ ಭಾವನ ಕಾರು ನೀರಲ್ಲಿ ನಿಂತಾಗ.

ಮಳೆ ಜೋರಿತ್ತು, ಅಂಡರ್‌ಪಾಸಲ್ಲಿ ನೀರು ಎಷ್ಟಿದೆ ಗೊತ್ತಾಗ್ಲಿಲ್ಲ, ಮುಂದಿನ ಗಾಡಿ ಹೋಯ್ತಲ್ಲ ಅಂತ ಇವರೂ ಇಳಿಸಿದ್ರು, ಮಧ್ಯಕ್ಕೆ ಹೋಗೋಷ್ಟ್ರಲ್ಲಿ ಗುರ್ ಅಂದು ಆಫ್ ಆಯ್ತು. ಭಾವ ಕೀ ತಿರುಗಿಸಿದ್ರು. ಮತ್ತೆ ತಿರುಗಿಸಿದ್ರು. ಯಾರಾದ್ರೂ ಅಷ್ಟೇ ಅಲ್ವಾ ಮಾಡೋದು, ಸುತ್ತ ನೀರು ಏರ್ತಿದ್ರೆ ಕೈ ತಾನಾಗೇ ಕೀ ಹತ್ರ ಹೋಗತ್ತೆ. ಗ್ಯಾರೇಜಿಗೆ ಎಳಸ್ಕೊಂಡು ಹೋದ ಮೇಲೆ ಇನ್ಶೂರೆನ್ಸ್ ಕಡೆಯಿಂದ ನಷ್ಟ ನೋಡೋ ಸರ್ವೇಯರ್ ಬಂದ್ರು, ಏರ್ ಫಿಲ್ಟರ್ ತೆಗೆಸಿ ನೋಡಿದ್ರು, ಹಿಂಡಿದ್ರೆ ನೀರು ಸುರಿಯೋ ಹಂಗಿತ್ತು. ಆಮೇಲೆ ತುಂಬಾ ಮರ್ಯಾದೆಯಾಗಿ ಕೇಳಿದ್ರು, "ಸರ್, ನಿಂತ ಮೇಲೆ ಎಷ್ಟು ಸಲ ಸ್ಟಾರ್ಟ್ ಮಾಡಿದ್ರಿ?" ನಮ್ಮ ಭಾವ ಸುಳ್ಳು ಹೇಳೋ ಮನುಷ್ಯನೇ ಅಲ್ಲ. "ಒಂದ್ ನಾಲ್ಕೈದು ಸಲ ಇರಬಹುದಪ್ಪ" ಅಂದ್ರು. ಅವರು ಬರ್ಕೊಂಡ್ರು.

ಎಂಜಿನ್ ಬಿಚ್ಚಿದ ದಿನ ನಾನೂ ಹೋಗಿದ್ದೆ. ಮೆಕ್ಯಾನಿಕ್ ಒಂದು ಹಳೇ ನ್ಯೂಸ್‌ಪೇಪರ್ ಹಾಸಿ (ನಿಮ್ದೇ ಪೇಪರ್ ಇದ್ರೂ ಇರಬಹುದು) ಅದ್ರ ಮೇಲೆ ನಾಲ್ಕು ಕನೆಕ್ಟಿಂಗ್ ರಾಡ್, ಅಂದ್ರೆ ಪಿಸ್ಟನ್‌ಗೆ ಜೋಡಿಸಿರೋ ಲೋಹದ ತೋಳು, ಸಾಲಾಗಿ ಇಟ್ಟು ತೋರಿಸಿದ್ರು. ಮೂರು ನೆಟ್ಟಗಿದ್ವು, ಒಂದು ಸೊಂಟ ಹಿಡ್ಕೊಂಡೋರ ಹಂಗೆ ಬಗ್ಗಿತ್ತು. ಸಿಲಿಂಡರ್ ಒಳಗಡೆ ಪಿಸ್ಟನ್ ಗಾಳಿನ ಒತ್ತತ್ತೆ, ಗಾಳಿ ಕುಗ್ಗತ್ತೆ, ನೀರು ಕುಗ್ಗಲ್ಲ, ನೀರು ತುಂಬಿದಾಗ ಕೀ ತಿರುಗಿಸಿದ್ರೆ ಎಲ್ಲೋ ಒಂದು ಕಡೆ ಬಗ್ಗಲೇಬೇಕು, ಬಗ್ಗೋದು ರಾಡು. ಕಾರು ಅಲ್ಲೇ ನಿಂತಿದ್ದಾಗ ಕೀ ಮುಟ್ಟದೆ ಎಳಸ್ಕೊಂಡು ಬಂದಿದ್ರೆ ನೀರು ತೆಗೆದು, ಆಯಿಲ್ ಬದಲಾಯಿಸಿ, ಒಣಗಿಸಿ ಸರಿ ಮಾಡೋ ಚಾನ್ಸ್ ಇತ್ತಂತೆ.

ಕಂಪನಿಯವರು ಸೀಟು, ಕಾರ್ಪೆಟ್, ವೈರಿಂಗ್ ಎಲ್ಲದಕ್ಕೂ ಕೊಟ್ರು, ಎಂಜಿನ್‌ಗೆ ಕೊಡಲ್ಲ ಅಂದ್ರು. ಪ್ರವಾಹಕ್ಕೆ ಕವರ್ ಇದೆ ನಿಜ, ಆದ್ರೆ ಎಂಜಿನ್ ಹಾಳಾಗಿದ್ದು ನೀರಿಂದ ಅಲ್ಲ, ನೀರು ಒಳಗೆ ಹೋದ ಮೇಲೂ ನೀವು ಸ್ಟಾರ್ಟ್ ಮಾಡಿದ್ರಿಂದ, ಅದು ಪಾಲಿಸಿಯ ಹೊರಗಿರೋ ನಷ್ಟಗಳ ಪಟ್ಟೀಲಿ ಇದೆ, ಎಂಜಿನ್ ಪ್ರೊಟೆಕ್ಟ್ ಅಂತ ಒಂದು ಆಡ್-ಆನ್, ಅಂದ್ರೆ ಬೇರೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಕವರ್, ಇತ್ತು, ನೀವು ತಗೊಂಡಿಲ್ಲ ಅಂದ್ರು. ಅವತ್ತು ರಾತ್ರಿ ಕೂತು ಭಾವನ ಪಾಲಿಸಿಯ ಪಿಡಿಎಫ್ ಓದಿದೆ. ಇತ್ತು. ಹದಿನಾಲ್ಕನೇ ಪುಟ, ಸಣ್ಣ ಅಕ್ಷರ, ಎರಡೂವರೆ ಸಾಲು. ಭಾವನಿಗೆ ಬಂದ ಬಿಲ್ಲು ಅವರು ಅಲ್ಲಿ ತನಕ ಕಟ್ಟಿದ್ದ ಒಟ್ಟು ಪ್ರೀಮಿಯಂಗಿಂತ ಜಾಸ್ತಿ. ಆ ಆಡ್-ಆನ್‌ಗೆ ಎಷ್ಟಾಗ್ತಿತ್ತು ಅಂತ ಕೇಳಿದ್ರೆ ವರ್ಷಕ್ಕೆ ಒಂದು ಸಲ ಟ್ಯಾಂಕ್ ತುಂಬಿಸಿದಷ್ಟೂ ಇಲ್ಲ.

ನಾನು ಕಂಪನಿಯವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವರು ಬರ್ಕೊಟ್ಟ ಹಂಗೇ ಮಾಡಿದ್ರು, ಓದದೇ ಇದ್ದಿದ್ದು ನಾವು. ನಾನು ಹೇಳೋದಿಷ್ಟೇ, ಪಾಲಿಸಿ ಆರಿಸೋವಾಗ ಅದನ್ನ ಹಿಂದಿನ ಪುಟದಿಂದ ಓದ್ಬೇಕು. ಮುಂದಿನ ಪುಟ ಎಲ್ಲ ಕಂಪನಿದೂ ಹೆಚ್ಚು ಕಮ್ಮಿ ಒಂದೇ ಥರ ಇರತ್ತೆ, ಅಪಘಾತ, ಬೆಂಕಿ, ಕಳ್ಳತನ, ಪ್ರಕೃತಿ ವಿಕೋಪ ಅಂತ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರೋದು ಏನೇನು ಕೊಡಲ್ಲ ಅನ್ನೋ ಪಟ್ಟೀಲಿ. ಆ ಪಟ್ಟಿ ಪಕ್ಕದಲ್ಲಿ ನಮ್ಮ ಕಾರು ದಿನಾ ಎಲ್ಲಿ ಓಡಾಡತ್ತೆ, ಎಲ್ಲಿ ನಿಲ್ಲತ್ತೆ, ಯಾರ್ಯಾರು ಓಡಿಸ್ತಾರೆ ಅಂತ ಇಟ್ಟು ನೋಡಿದ್ರೆ ಅರ್ಧ ಕೆಲಸ ಮುಗೀತು.

ನಿಮ್ಮ ಪುಟದಲ್ಲಿ ಇನ್ನೊಂದು ಸಾಲು ಇತ್ತು, "ಕಾನೂನಿಗೆ ಥರ್ಡ್ ಪಾರ್ಟಿ ಸಾಕು" ಅಂತ. ಸಾಲು ತಪ್ಪಲ್ಲ, ಆದ್ರೆ ಓದೋರಿಗೆ ಬೇರೆ ಥರ ಕೇಳಿಸತ್ತೆ. ಕಾನೂನು ಥರ್ಡ್ ಪಾರ್ಟಿ ಕೇಳೋದು ನಮ್ಮ ಕಾರಿನ ಮೇಲಿನ ಪ್ರೀತಿಗಲ್ಲ, ನಮ್ಮ ಕಾರು ಯಾರಿಗೆ ಗುದ್ದತ್ತೋ ಅವರಿಗೋಸ್ಕರ. ಅಮೆರಿಕದ ಮ್ಯಾಸಚೂಸೆಟ್ಸಲ್ಲಿ 1927ರಿಂದ, ಬ್ರಿಟನ್ನಲ್ಲಿ 1930ರ ರೋಡ್ ಟ್ರಾಫಿಕ್ ಕಾಯ್ದೆ ಆದ ಮೇಲೆ 1931ರಿಂದ ಇದು ಕಡ್ಡಾಯ ಆಗಿದ್ದು ಈ ಕಾರಣಕ್ಕೇ, ಗಾಡಿ ಹೊಡೆದು ಕಾಲು ಮುರಿದೋರಿಗೆ ಕೋರ್ಟು ಪರಿಹಾರ ಕೊಡಿ ಅಂದ್ರೆ ಹೊಡೆದೋನ ಹತ್ರ ದುಡ್ಡೇ ಇರ್ತಿರ್ಲಿಲ್ಲ. ನ್ಯೂಜಿಲೆಂಡಲ್ಲಿ ಉಲ್ಟಾ, ಅಲ್ಲಿ 1974ರಿಂದ ಅಪಘಾತದಲ್ಲಿ ಗಾಯ ಆದೋರ ಖರ್ಚನ್ನ ಸರ್ಕಾರಿ ವ್ಯವಸ್ಥೆನೇ ನೋಡ್ಕೊಳ್ಳತ್ತೆ, ಹಂಗಾಗಿ ಕಾರಿಗೆ ಥರ್ಡ್ ಪಾರ್ಟಿ ಕಡ್ಡಾಯನೇ ಇಲ್ಲ. ಅಂದ್ರೆ ಥರ್ಡ್ ಪಾರ್ಟಿ ಮಾತ್ರ ಇಟ್ಕೊಂಡು ಗೋಡೆಗೆ ಗುದ್ದಿದ್ರೆ ಗೋಡೆ ಕಟ್ಟಿಸಿ ಕೊಡ್ತಾರೆ, ನಮ್ಮ ಬಾನೆಟ್ ಹಂಗೇ ಇರತ್ತೆ. ಇದನ್ನ ಎಷ್ಟು ಜನ ಕಾರು ಗುದ್ದಿದ ಮೇಲೆ ಕಲ್ತಿದಾರೋ ಲೆಕ್ಕ ಇಲ್ಲ.

ಹಂಗಂತ ಎಲ್ರೂ ನಮ್ಮ ಕಾರಿನ ನಷ್ಟಕ್ಕೂ ಕೊಡೋ ಫುಲ್ ಇನ್ಶೂರೆನ್ಸೇ ತಗೋಬೇಕು ಅಂತಲೂ ನಾನು ಹೇಳಲ್ಲ. ಕಾರು ಹಳೇದಾಗಿ, ನಾಳೆ ಮಾರಿದ್ರೆ ಬರೋ ದುಡ್ಡು ಎರಡ್ಮೂರು ವರ್ಷದ ಪ್ರೀಮಿಯಂಗೆ ಸಮ ಆಗೋ ಹಂಗಿದ್ರೆ ಥರ್ಡ್ ಪಾರ್ಟಿ ಸಾಕು, ಕೆಲವು ಕಡೆ ಥರ್ಡ್ ಪಾರ್ಟಿ ಜೊತೆ ಬೆಂಕಿ ಮತ್ತೆ ಕಳ್ಳತನ ಸೇರಿಸಿ ನಡುವಿನ ಪಾಲಿಸಿ ಒಂದು ಸಿಗತ್ತೆ, ಅದೂ ಒಳ್ಳೇದೇ.

ಈಗ ದುಡ್ಡಿನ ಲೆಕ್ಕಕ್ಕೆ ಬರ್ತೀನಿ, ನನ್ನ ಕಸುಬಲ್ವಾ. ಕಾರಿನ ಬೆಲೆ 100 ಅಂತ ಇಟ್ಕೊಳ್ಳಿ. ಯಾರೋ ಹಿಂದಿಂದ ಬಂದು ಗುದ್ದಿ ಹೋದ್ರು, ಬಂಪರು, ಲೈಟು ಹೋಯ್ತು, ಗ್ಯಾರೇಜ್ ಬಿಲ್ಲು 8. ಅದ್ರಲ್ಲಿ ಪ್ಲಾಸ್ಟಿಕ್ ಪಾರ್ಟ್ 6, ಕೂಲಿ 2. ಪಾಲಿಸಿ ಇದೆಯಲ್ಲ, 8 ಬರತ್ತೆ ಅಂತ ನಾವು ಅನ್ಕೊಂಡಿರ್ತೀವಿ. ಅವರು ಏನಂತಾರೆ, ನಿಮ್ಮ ಬಂಪರ್ ಹಳೇದಿತ್ತು, ಹೊಸದು ಹಾಕಿಸ್ಕೋತಿದೀರಿ, ಪ್ಲಾಸ್ಟಿಕ್ ರಬ್ಬರ್‌ಗೆಲ್ಲ ಸವಕಳಿ ಕಳೀಬೇಕು, ಅರ್ಧ ಕಳೀತೀವಿ. ಅಲ್ಲಿಗೆ 6ರಲ್ಲಿ 3 ಹೋಯ್ತು, ಉಳಿದಿದ್ದು 5. ಅದ್ರಲ್ಲಿ ಪ್ರತಿ ಕ್ಲೈಮ್‌ಗೂ ನಾವೇ ಹಾಕ್ಬೇಕಾದ ಡಿಡಕ್ಟಿಬಲ್ ಅಂತ ಒಂದಿರತ್ತೆ, ಅದು 2 ಅಂತ ಇಟ್ಕೊಳ್ಳಿ. ಕಂಪನಿ ಕೊಡೋದು 3, ನಮ್ಮ ಜೇಬಿಂದ 5. ಇಷ್ಟಕ್ಕೇ ಮುಗೀಲಿಲ್ಲ, ಕ್ಲೈಮ್ ಮಾಡಿದ್ರಿಂದ ನೋ ಕ್ಲೈಮ್ ಬೋನಸ್, ಅಂದ್ರೆ ಕ್ಲೈಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ, ಹೋಯ್ತು, ಮುಂದಿನ ವರ್ಷದಿಂದ ಪ್ರೀಮಿಯಂ 1 ಜಾಸ್ತಿ, ಬೋನಸ್ ಮತ್ತೆ ಮೊದಲಿನಷ್ಟು ಬೆಳೆಯೋಕೆ ಮೂರ್ನಾಲ್ಕು ವರ್ಷ ಬೇಕು, ಅಲ್ಲಿಗೆ ಅವರು ಕೊಟ್ಟ 3 ಹೆಚ್ಚು ಕಮ್ಮಿ ಅವರಿಗೇ ವಾಪಸ್ ಹೋಯ್ತು. ಇಂಥಾ ಸಣ್ಣ ರಿಪೇರಿಗೆ ಕ್ಲೈಮ್ ಹಾಕ್ದೇ ಇರೋದೇ ವಾಸಿ, ಆದ್ರೆ ಯಾವ ಏಜೆಂಟೂ ಅದನ್ನ ಹೇಳಿದ್ದು ನಾನು ಕೇಳಿಲ್ಲ, ಗ್ಯಾರೇಜಿನೋರಂತೂ "ಇನ್ಶೂರೆನ್ಸ್ ಇದೆಯಲ್ಲ ಮೇಡಂ, ಹಾಕ್ಬಿಡೋಣ" ಅಂತಲೇ ಶುರು ಮಾಡ್ತಾರೆ.

ಸವಕಳಿ ಕಳೀದೇ ಇರೋ ಆಡ್-ಆನ್ ಇದೆ, ಬಂಪರ್ ಟು ಬಂಪರ್ ಅಂತಾರೆ, ಜೀರೋ ಡೆಪ್ ಅಂತಲೂ ಅಂತಾರೆ. ಹೊಸ ಕಾರಿಗೆ ತಗೊಳ್ಳೋದು ಒಳ್ಳೇದೇ, ಆದ್ರೆ ವರ್ಷಕ್ಕೆ ಎಷ್ಟು ಕ್ಲೈಮ್ ತನಕ, ಕಾರಿಗೆ ಎಷ್ಟು ವರ್ಷ ಆಗೋ ತನಕ ಅಂತ ಮಿತಿ ಇರತ್ತೆ, ಟೈರು ಬ್ಯಾಟರಿ ಸೇರತ್ತೋ ಇಲ್ವೋ ಅಂತ ಬೇರೆ ಕೇಳ್ಬೇಕು. ಹೆಸರು ಕೇಳಿದ್ರೆ ಮಾತ್ರ ಬಂಪರಿಂದ ಬಂಪರ್ ತನಕ ಎಲ್ಲ ಅವರದೇ ಜವಾಬ್ದಾರಿ ಅನ್ಸತ್ತೆ.

ಡಿಡಕ್ಟಿಬಲ್ ನಾವಾಗೇ ಜಾಸ್ತಿ ಮಾಡ್ಕೊಂಡ್ರೆ ಪ್ರೀಮಿಯಂ ಇಳಿಯತ್ತೆ, ಆನ್‌ಲೈನಲ್ಲಿ ಡಿಡಕ್ಟಿಬಲ್ ಗುಂಡಿನ ಬೆರಳಲ್ಲಿ ಎಳೆದಂಗೆಲ್ಲ ಕೆಳಗಿನ ಪ್ರೀಮಿಯಂ ನಂಬರ್ ಇಳಿಯೋದು ನೋಡೋಕೆ ಮಜಾನೇ. ನಾನು ಒಂದೇ ಪ್ರಶ್ನೆ ಕೇಳ್ಕೋತೀನಿ, ನಾಳೆ ಬೆಳಿಗ್ಗೆ ಇಷ್ಟು ದುಡ್ಡು ಯಾರ ಹತ್ರನೂ ಕೇಳ್ದೇ ಗ್ಯಾರೇಜಿಗೆ ಕಟ್ಟೋಕಾಗತ್ತಾ? ಆಗತ್ತೆ ಅಂದ್ರೆ ಎಳೀಬಹುದು, ಇಲ್ಲಾಂದ್ರೆ ಕೈ ತೆಗೀಬೇಕು.

ಇನ್ನು ಕಾರಿನ ಬೆಲೆ ಅಂತ ಪಾಲಿಸೀಲಿ ಬರೆದಿರೋ ಮೊತ್ತ. ಇದನ್ನ ಯಾರೂ ನೋಡಲ್ಲ, ಕಾರು ಕಳುವಾದಾಗ ಅಥವಾ ರಿಪೇರಿಗೆ ಆಗೋದೇ ಇಲ್ಲ, ಟೋಟಲ್ ಲಾಸ್ ಅಂದಾಗ ಎಲ್ಲ ನಿಂತಿರೋದು ಆ ಒಂದು ನಂಬರ್ ಮೇಲೆ. ಪ್ರೀಮಿಯಂ ಕಮ್ಮಿ ತೋರಿಸೋಕೆ ಸುಲಭದ ದಾರಿ ಅಂದ್ರೆ ಕಾರಿನ ಬೆಲೆ ಕಮ್ಮಿ ಬರೆಯೋದು, ಎರಡು ಕೊಟೇಷನ್ ಪಕ್ಕ ಪಕ್ಕ ಇಟ್ಟಾಗ ಒಂದು ಅಗ್ಗ ಕಂಡ್ರೆ ಮೊದಲು ಅಲ್ಲಿ ನೋಡಿ, ಒಂದ್ರಲ್ಲಿ 100 ಇದ್ರೆ ಇನ್ನೊಂದ್ರಲ್ಲಿ 85 ಇರತ್ತೆ. ಕೆಲವು ಪಾಲಿಸೀಲಿ ಮೊದಲೇ ಮಾತಾಡ್ಕೊಂಡ ಬೆಲೆ ಕೊಡ್ತಾರೆ, ಕೆಲವುದ್ರಲ್ಲಿ ಅವತ್ತಿನ ಮಾರ್ಕೆಟ್ ಬೆಲೆ ಎಷ್ಟೋ ಅಷ್ಟು. ಎರಡನೇದಾದ್ರೆ ನೀವು ಜಾಸ್ತಿ ಬೆಲೆ ಬರೆಸಿ ಜಾಸ್ತಿ ಪ್ರೀಮಿಯಂ ಕಟ್ಟಿದ್ರೂ ಜಾಸ್ತಿ ಬರಲ್ಲ, ಯಾಕಂದ್ರೆ ಇನ್ಶೂರೆನ್ಸ್ ಇರೋದು ನಷ್ಟ ತುಂಬೋಕೆ, ಲಾಭಕ್ಕಲ್ಲ. ಲೋನ್ ಮೇಲೆ ಕಾರು ತಗೊಂಡೋರು ಇನ್ನೂ ಹುಷಾರಾಗಿರ್ಬೇಕು, ಮೊದಲ ಎರಡು ವರ್ಷ ಕಾರಿನ ಬೆಲೆ ಇಳಿಯೋ ಸ್ಪೀಡಲ್ಲಿ ಲೋನ್ ಇಳಿಯಲ್ಲ, ಕಾರು ಕಳುವಾಗಿ ಕ್ಲೈಮ್ ಬಂದ್ರೂ ಬ್ಯಾಂಕಿಗೆ ಇನ್ನೂ ಬಾಕಿ ಉಳೀಬಹುದು, ಇಲ್ಲದ ಕಾರಿಗೆ ಕಂತು ಕಟ್ಟೋ ಹಣೆಬರಹ. ಆ ವ್ಯತ್ಯಾಸ ತುಂಬೋಕೆ ಗ್ಯಾಪ್ ಕವರ್ ಅಂತ ಇದೆ, ಲೋನ್ ದೊಡ್ಡದಿದ್ರೆ ಕೇಳಿ ನೋಡಿ.

ಸುಳ್ಳು ಹೇಳೋದ್ರ ಬಗ್ಗೆನೂ ಒಂದು ಮಾತು. ಸುಳ್ಳು ಅಂದ್ರೆ ದೊಡ್ಡ ಮೋಸ ಅಲ್ಲ, ಫಾರ್ಮ್ ತುಂಬೋವಾಗ "ಹೂಂ, ಇಲ್ಲ, ಇಲ್ಲ" ಅಂತ ಟಿಕ್ ಹಾಕ್ತಾ ಹೋಗ್ತೀವಲ್ಲ ಅದು. ನಮ್ಮ ಪಕ್ಕದ ಮನೆ ಹುಡುಗ ಸಂಜೆ ಹೊತ್ತು ಅಪ್ಪನ ಕಾರಲ್ಲಿ ಪಾರ್ಸಲ್ ಡೆಲಿವರಿ ಮಾಡ್ತಾನೆ, ಪಾಪ ಓದೋ ಖರ್ಚಿಗೆ. ಪಾಲಿಸಿ ಇರೋದು ಸ್ವಂತ ಬಳಕೆಗೆ ಅಂತ. ದುಡ್ಡಿಗೆ ಸಾಮಾನು ಸಾಗಿಸೋವಾಗ, ಬಾಡಿಗೆಗೆ ಜನ ಕೂರಿಸ್ಕೊಂಡು ಹೋಗೋವಾಗ ಏನಾದ್ರೂ ಆದ್ರೆ ಸಾಮಾನ್ಯ ಪಾಲಿಸಿ ಕೈ ಎತ್ತತ್ತೆ. ಕುಡಿದು ಓಡಿಸಿದ್ರೆ, ಲೈಸೆನ್ಸ್ ಇಲ್ದೋರ ಕೈಗೆ ಕೊಟ್ರೆ ಗೊತ್ತೇ ಇದೆ. ಆದ್ರೆ ಗ್ಯಾಸ್ ಕಿಟ್ ಹಾಕ್ಸಿದ್ದು ಹೇಳ್ಲಿಲ್ಲ, ಎಂಜಿನ್ ಪವರ್ ಜಾಸ್ತಿ ಮಾಡ್ಸಿದ್ದು ಹೇಳ್ಲಿಲ್ಲ, ಕಾರಲ್ಲೇ ಕೀ ಬಿಟ್ಟು ಅಂಗಡಿಗೆ ಇಳಿದಾಗ ಕಳುವಾಯ್ತು, ಇಂಥಾ ಕಡೆ ಜನ ಸಿಕ್ಕಿ ಹಾಕ್ಕೋತಾರೆ. ಕಳುವಾದ್ರೆ ಎರಡೂ ಕೀ ತನ್ನಿ ಅಂತ ಕೇಳ್ತಾರೆ ಸ್ವಾಮಿ, ಎರಡನೇ ಕೀ ಎಲ್ಲಿದೆ ಅಂತ ನಿಮಗೆ ಈಗ ಗೊತ್ತಾ? ನನಗೆ ಎರಡು ದಿನ ಹುಡುಕಿದ ಮೇಲೆ ಹೊಲಿಗೆ ಡಬ್ಬೀಲಿ ಸಿಕ್ತು.

ಇನ್ಶೂರೆನ್ಸಲ್ಲಿ ಮುಚ್ಚಿಡಬಾರದು ಅನ್ನೋ ನಿಯಮ ತುಂಬಾ ಹಳೇದು. 1766ರಲ್ಲಿ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅನ್ನೋ ನ್ಯಾಯಾಧೀಶರು ಕಾರ್ಟರ್ ಮತ್ತೆ ಬೋಮ್ ಕೇಸಲ್ಲಿ ಹೇಳಿದ್ದು, ಗೊತ್ತಿರೋದನ್ನ ಎರಡೂ ಕಡೆಯವರು ಬಚ್ಚಿಡಬಾರದು ಅಂತ. ಮಜಾ ಏನಂದ್ರೆ ಆ ಕೇಸು ಸುಮಾತ್ರದ ಒಂದು ಕೋಟೆಗೆ ಮಾಡ್ಸಿದ್ದ ವಿಮೇದು, ಫ್ರೆಂಚರು ಬಂದು ಕೋಟೆ ಹಿಡಿದ್ರು, ದುಡ್ಡು ಕೊಡ್ಬೇಕಾದೋರು ಕೋಟೆ ಗಟ್ಟಿ ಇಲ್ಲ ಅಂತ ಮೊದಲೇ ಹೇಳಿರ್ಲಿಲ್ಲ ಅಂದ್ರು, ಕೊನೇಗೆ ಗೆದ್ದಿದ್ದು ವಿಮೆ ಮಾಡ್ಸಿದೋರೇ, ಯಾಕಂದ್ರೆ ವಿಮೆ ಕೊಟ್ಟೋರು ಅದನ್ನ ತಾವೇ ತಿಳ್ಕೋಬಹುದಿತ್ತು ಅಂತ ಕೋರ್ಟು ಹೇಳ್ತು. ಬ್ರಿಟನ್ನಲ್ಲಿ 2012ರಲ್ಲಿ ಹೊಸ ಕಾಯ್ದೆ ಮಾಡಿ, ಸಾಮಾನ್ಯ ಗ್ರಾಹಕರು ಕೇಳಿದ ಪ್ರಶ್ನೆಗೆ ಎಚ್ಚರಿಕೆಯಿಂದ ಉತ್ತರ ಕೊಟ್ರೆ ಸಾಕು, ಕೇಳದೇ ಇದ್ದಿದ್ದನ್ನ ಊಹಿಸಿ ಹೇಳ್ಬೇಕಾಗಿಲ್ಲ ಅಂತ ಮಾಡಿದ್ರು. ಎಲ್ಲ ಕಡೆ ಹಿಂಗಿಲ್ಲ. ಅದಕ್ಕೇ ನಾನು ಯಾರೂ ಕೇಳದಿದ್ರೂ ಇಮೇಲಲ್ಲಿ ಬರೆದು ಹಾಕ್ಬಿಡ್ತೀನಿ, ಬರವಣಿಗೇಲಿ ಇದ್ರೆ ನಾಳೆ ಕಂಪನಿಯವರು ನೀವು ಹೇಳಿರ್ಲಿಲ್ಲ ಅನ್ನೋಕಾಗಲ್ಲ, ಫೋನಲ್ಲಿ ಹೇಳಿದ್ದು ಗಾಳಿಗೆ ಹೋಯ್ತು.

ಹಳೇ ಕಂಪನೀಲೇ ಇದ್ರೆ ನಿಯತ್ತಿಗೆ ಬೆಲೆ ಸಿಗತ್ತೆ ಅನ್ನೋ ನಂಬಿಕೆ ನನಗೂ ಇತ್ತು. ಎಷ್ಟೋ ಕಡೆ ಉಲ್ಟಾ ಆಗ್ತಿತ್ತು, ಹೊಸಬರಿಗೆ ಅಗ್ಗ ಕೊಟ್ಟು ಹಳಬರಿಗೆ ವರ್ಷಾ ವರ್ಷ ಸ್ವಲ್ಪ ಸ್ವಲ್ಪ ಏರಿಸೋದು, ಕೇಳೋರಿಲ್ಲ ಅಂತ. ಬ್ರಿಟನ್ನಲ್ಲಿ ಇದು ಎಷ್ಟು ಜಾಸ್ತಿ ಆಯ್ತಂದ್ರೆ ಹಳೇ ಗ್ರಾಹಕರಿಗೆ ಹೊಸಬರಿಗಿಂತ ಜಾಸ್ತಿ ಹಾಕೋ ಹಂಗಿಲ್ಲ ಅಂತ 2022ರ ಜನವರಿಯಿಂದ ನಿಯಮನೇ ತಂದ್ರು. ಹಂಗಾಗಿ ರಿನ್ಯೂವಲ್ ಮೆಸೇಜ್ ಬಂದಾಗ ಅದ್ರಲ್ಲೇ ಪೇ ಒತ್ತೋ ಬದಲು ಅದೇ ಕಾರಿನ ಬೆಲೆ, ಅದೇ ಡಿಡಕ್ಟಿಬಲ್, ಅದೇ ಆಡ್-ಆನ್ ಹಾಕಿ ಬೇರೆ ಎರಡು ಕಡೆ ನೋಡ್ಬೇಕು. ಅದೇ, ಅದೇ ಅಂತ ಮೂರು ಸಲ ಹೇಳಿದ್ದು ಬೇಕಂತಲೇ, ಇಲ್ಲಾಂದ್ರೆ ಸೌತೆಕಾಯಿನೂ ಕುಂಬಳಕಾಯಿನೂ ತೂಕ ಹಾಕ್ದಂಗೆ. ಆದ್ರೆ ಕೊನೇ ದಿನದ ತನಕ ಕಾಯ್ಬೇಡಿ, ನಡುವೆ ಒಂದು ದಿನ ಪಾಲಿಸಿ ಇಲ್ಲ ಅಂದ್ರೂ ಆ ದಿನನೇ ಏನಾದ್ರೂ ಆಗ್ಬಿಡತ್ತೆ.

ಗ್ಯಾರೇಜ್ ವಿಷಯ ನೀವೇ ಬರೆದಿದ್ರಿ, ಮನೆ ಹತ್ರ ಕ್ಯಾಶ್‌ಲೆಸ್ ಗ್ಯಾರೇಜ್, ಅಂದ್ರೆ ಕಂಪನಿಯವರು ತಮ್ಮ ಪಾಲಿನ ಬಿಲ್ಲು ನೇರವಾಗಿ ಕಟ್ಟೋ ಗ್ಯಾರೇಜ್, ಇರ್ಬೇಕು ಅಂತ, ಅದು ಸರಿ. ಕಾರು ಎಲೆಕ್ಟ್ರಿಕ್ ಆಗಿದ್ರೆ ಬ್ಯಾಟರಿ ಮತ್ತೆ ಚಾರ್ಜಿಂಗ್ ಕೇಬಲ್ ಒಳಗಿದ್ಯಾ ಅಂತ ಒಂದು ಮಾತು ಸೇರಿಸ್ಬೇಕಿತ್ತು ಅಷ್ಟೆ.

ಈಗ ನನ್ನ ಕೋರಿಕೆ. ಮುಂದಿನ ಸಲ ಇಂಥಾ ಟೇಬಲ್ ಹಾಕೋವಾಗ ಪ್ರೀಮಿಯಂ ಪಕ್ಕ ಇನ್ನು ಮೂರು ಕಾಲಮ್ ಹಾಕಿ. ಕಾರಿನ ಬೆಲೆ ಎಷ್ಟು ಅಂತ ಹಿಡಿದಿದಾರೆ, ಒಂದು ಮಾಮೂಲಿ ಬಂಪರ್ ಲೈಟ್ ರಿಪೇರೀಲಿ ನಮ್ಮ ಜೇಬಿಂದ ಎಷ್ಟು ಹೋಗತ್ತೆ, ಮತ್ತೆ ಒಳಗೆ ನೀರು ಹೋಗಿ ಎಂಜಿನ್ ಕೆಟ್ರೆ ಕೊಡ್ತಾರಾ ಇಲ್ವಾ. ಮೂರನೇ ಕಾಲಮ್‌ಗೆ ಹೌದು, ಇಲ್ಲ ಅಂತ ಒಂದೊಂದು ಪದ ಸಾಕು, ಜಾಗ ಏನೂ ಜಾಸ್ತಿ ಬೇಡ. ಜಾಗ ಇಲ್ಲ ಅಂತೀರಾದ್ರೆ ಆ ಪುಟದಲ್ಲಿ ಕಾರು ಮುಂದೆ ನಗ್ತಾ ನಿಂತಿರೋ ಸಂಸಾರದ ದೊಡ್ಡ ಫೋಟೋ ಇತ್ತಲ್ಲ, ಅದನ್ನ ಸ್ವಲ್ಪ ಸಣ್ಣದು ಮಾಡಿ. ಯಾವ್ದಾದ್ರೂ ಒಂದು ಪಾಲಿಸಿಯ ಹೊರಗಿಟ್ಟ ನಷ್ಟಗಳ ಪಟ್ಟಿನ ಪೂರ್ತಿ ತಿಳಿಗನ್ನಡದಲ್ಲಿ ಒಂದು ಸಲ ಹಾಕಿದ್ರಂತೂ ನಾನೇ ಕತ್ತರಿಸಿ ನಾಲ್ಕು ಮನೆಗೆ ಹಂಚ್ತೀನಿ.

ಭಾವ ಈ ಸಲ ರಿನ್ಯೂವಲ್ ಮಾಡೋ ಮುಂಚೆ ಫೋನ್ ಮಾಡಿದ್ರು. "ನೋಡಮ್ಮ, ಹೊಸಾ ಕಂಪನೀದು ಕಳ್ಸಿದಾರೆ, ಆ ಎಂಜಿನ್ ವಿಷಯ ಇದ್ರಲ್ಲಿ ಎಷ್ಟನೇ ಪುಟ?" ಅಂತ ಕೇಳಿದ್ರು. ಇದ್ರಲ್ಲಿ ಹನ್ನೊಂದನೇ ಪುಟ ಭಾವ ಅಂದೆ. ಕನ್ನಡಕ ತರ್ತೀನಿ ಇರು ಅಂತ ಫೋನ್ ಮೇಜಿನ ಮೇಲಿಟ್ಟು ಹೋದ್ರು.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಾರ್ತಿ